ಸಾವಕಾರರ ಹೆಗಲಿಗೆ ಕರಡಿ ಚೀಲ

ಶಿಗ್ಗಾವಿಯ ಹಳೆಯ ಬಸ್ ಸ್ಟ್ಯಾಂಡಿನ ಹತ್ತಿರ ಫೋಟೋ ಸ್ಟುಡಿಯೋ ಇಟ್ಟಿದ್ದ ಸಾವಕಾರರು ಹೋದ ತಿಂಗಳು ತೀರಿಕೊಂಡರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರೆ. ನಾನೂ ಹಾಗೆಂದುಕೊಂಡೇ ಬರೆಯಲು ಕುಳಿತೆ. ಆದರೆ ಅವರನ್ನು ನೆನೆದರೆ ಮೊದಲು ಕಣ್ಣ ಮುಂದೆ ಬರುವುದು ಅವರ ಮುಖವಲ್ಲ, ಕ್ಯಾಮರಾ ಬ್ಯಾಗು. ಆ ಬ್ಯಾಗು ನೆನಪಾಯಿತೆಂದರೆ ಒಳ್ಳೆಯ ಮಾತು ಯಾವುದೂ ನನ್ನ ಬಾಯಿಗೆ ಬರುವುದಿಲ್ಲ.

ಸಾವಕಾರರು ಅಂದರೆ ಹೊಲ, ತೋಟ, ಅಡತಿ ಅಂಗಡಿ ಇದ್ದವರೆಂದು ತಿಳಿಯಬೇಡಿ. ಸ್ಟುಡಿಯೋ ಬಾಡಿಗೆಯದು, ಮನೆ ಸಾಧಾರಣದ್ದು. ಅವರ ಬ್ಯಾಗು ನೋಡಿ ಊರೇ ಆ ಹೆಸರು ಕೊಟ್ಟಿತ್ತು, ಕೊಟ್ಟವರು ನಗುತ್ತ ಕೊಟ್ಟಿದ್ದರು, ಇವರು ನಗದೆ ಇಸಗೊಂಡಿದ್ದರು. ನಾನು ಸವಣೂರಿನವಳು. ಸವಣೂರು, ಬಂಕಾಪುರದ ಮುಸಲ್ಮಾನರ ಮದುವೆಗಳಲ್ಲಿ ಹೆಂಗಸರ ಕಡೆ ಫೋಟೋ ತೆಗೆಯಲು ಗಂಡಸರು ಹೋಗುವಂತಿಲ್ಲ. ಆ ಕೆಲಸಕ್ಕೆ ಅವರಿಗೊಬ್ಬ ಹೆಂಗಸು ಬೇಕಾಗಿತ್ತು. ನನಗೆ ಮನೆಯಿಂದ ಹೊರಗೆ ಬೀಳಲು ಒಂದು ಕೆಲಸ ಬೇಕಾಗಿತ್ತು. ಹಾಗಾಗಿ ಹಾನಗಲ್ಲು, ಹಿರೇಕೆರೂರು, ಶಿಗ್ಗಾವಿ, ಸವಣೂರು ಎಂದು ನಾಲ್ಕೂ ತಾಲೂಕಿನ ಮದುವೆ ಮನೆಗಳನ್ನು ಅವರ ಜೊತೆ ಬಸ್ಸಿನಲ್ಲೇ ಸುತ್ತಿದೆ.

ಕ್ಯಾಮರಾ ಬಗ್ಗೆ ಅವರಿಗೆ ಹೇಳಿಕೊಳ್ಳುವಂಥ ಆಸೆ ಇರಲಿಲ್ಲ. ಅದು ಹಳೆಯದಾಗಿತ್ತು, ಬಟನ್ನೊಂದು ಸಡಿಲಾಗಿತ್ತು. ಆಸೆಯೆಲ್ಲ ಬ್ಯಾಗಿನ ಮೇಲೆ. ಅದಕ್ಕೊಂದು ಸಿದ್ಧಾಂತವೂ ಇತ್ತು.

"ಕ್ಯಾಮರಾ ಯಾರ್ ನೋಡ್ತಾರ ತಂಗಿ? ಅದು ನಮ್ಮ ಮಾರಿ ಮುಂದ ಇರ್ತೈತಿ. ಮಂದಿ ನೋಡೂದು ಬ್ಯಾಗ್. ಬ್ಯಾಗ್ ನೋಡಿ ಕುರ್ಚಿ ಹಾಕ್ತಾರ."

ಕುರ್ಚಿ ಹಾಕುತ್ತಿದ್ದರು, ಸುಳ್ಳಲ್ಲ. ಒಂದು ಅವರಿಗೆ, ಇನ್ನೊಂದು ಬ್ಯಾಗಿಗೆ. ಮೂರನೆಯದು ಯಾವ ಮದುವೆಯಲ್ಲೂ ಬರಲಿಲ್ಲ, ನಾನು ನಿಂತೇ ಚಹಾ ಕುಡಿಯುತ್ತಿದ್ದೆ. ಬ್ಯಾಗನ್ನು ಕೆಳಗಿಡಿ ಎಂದು ಒಮ್ಮೆ ಹೇಳಿದೆ. ನೆಲದ ಮೇಲೆ ಧೂಳಿದೆ ಅಂದರು. ಧೂಳು ನನಗೂ ಬೀಳುತ್ತದೆ ಎಂಬುದು ಅವರಿಗೆ ಹೊಳೆದಂತೆ ಕಾಣಲಿಲ್ಲ.

ಹೊಸ ಬ್ಯಾಗು ಬೇಕೆನಿಸಿದಾಗ ಹುಬ್ಬಳ್ಳಿಗೆ ಹೋಗುವರು. ಒಮ್ಮೆ ಲೆನ್ಸು ರಿಪೇರಿಗೆಂದು ನಾನೂ ಹೋಗಿದ್ದೆ, ಅವರು ಬ್ಯಾಗು ಆರಿಸುವ ಚೆಂದವನ್ನು ಕಣ್ಣಾರೆ ಕಂಡೆ. ಎಮ್ಮೆ ಕೊಳ್ಳುವವರು ಹಲ್ಲು ನೋಡುತ್ತಾರೆ, ಕೆಚ್ಚಲು ನೋಡುತ್ತಾರೆ. ಇವರು ಬ್ಯಾಗಿನ ಒಳಗೆ ಇಣುಕಲೂ ಇಲ್ಲ. ಹೆಗಲಿಗೆ ಹಾಕಿಕೊಂಡು ಅಂಗಡಿಯ ಕನ್ನಡಿ ಮುಂದೆ ನಿಂತರು. ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು, ಕಂಪನಿಯ ಹೆಸರು ದೂರದಿಂದ ಕಾಣುತ್ತದೋ ಇಲ್ಲವೋ ನೋಡಲು ಹಿಂದೆ ಸರಿದರು. ಸೀರೆ ಅಂಗಡಿಯಲ್ಲಿ ಹೆಂಗಸರು ಹೊತ್ತು ಕಳೆಯುತ್ತಾರೆಂದು ಹಲ್ಲು ಕಿಸಿಯುವ ಗಂಡಸರು ಅಂದು ಅಲ್ಲಿರಬೇಕಿತ್ತು. ಮಳೆ ಬಂದರೆ ನೀರು ಇಳಿಯುತ್ತದೆಯೇ, ಪಟ್ಟಿ ಹೆಗಲನ್ನು ಕೊರೆಯುತ್ತದೆಯೇ, ಒಂದು ಕೈಯಲ್ಲಿ ಕ್ಯಾಮರಾ ಹಿಡಿದು ಇನ್ನೊಂದು ಕೈಯಲ್ಲಿ ಇದನ್ನು ತೆರೆಯಲು ಬರುತ್ತದೆಯೇ ಎಂದು ನಾನೇ ಅಂಗಡಿಯವನನ್ನು ಕೇಳಿದೆ. ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದ ಹೊಸ ಸೊಸೆಯನ್ನು ಅತ್ತೆ ನೋಡುವ ಹಾಗೆ ಸಾವಕಾರರು ನನ್ನನ್ನು ನೋಡಿದರು.

ಅಷ್ಟು ದೊಡ್ಡ ಬ್ಯಾಗಿನೊಳಗೆ ಇರುತ್ತಿದ್ದದ್ದಾದರೂ ಏನು? ಒಂದು ಕ್ಯಾಮರಾ, ಒಂದೆರಡು ಲೆನ್ಸು, ಒಂದು ಫ್ಲ್ಯಾಶು. ಉಳಿದ ಜಾಗಕ್ಕೆಲ್ಲ ಬೆಡ್‌ಶೀಟು. ಬ್ಯಾಗು ಸೊರಗಿ ಕಾಣಬಾರದೆಂದು ಮನೆಯ ಹೂವಿನ ಬೆಡ್‌ಶೀಟನ್ನು ಮಡಚಿ ಮಡಚಿ ತುರುಕುತ್ತಿದ್ದರು. ಸಾಲದಿದ್ದರೆ ಟವೆಲ್ಲು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬ ಗಾದೆ ಕಟ್ಟಿದವರು ಇವರನ್ನು ಕಂಡಿರಲಿಲ್ಲ, ಕಂಡಿದ್ದರೆ ಬೇರೆ ಗಾದೆ ಕಟ್ಟುತ್ತಿದ್ದರು. ಮೇಲಿನ ಪ್ಲಾಸ್ಟಿಕ್ ಕವರನ್ನು ಕೂಡ ಅವರು ತೆಗೆಯುತ್ತಿರಲಿಲ್ಲ. ಅದರಿಂದಾಗಿ ಬ್ಯಾಗು ಹೆಗಲ ಮೇಲೆ ನಿಲ್ಲದೆ ಜಾರುತ್ತಿತ್ತು. ಜಾರಿದಾಗಲೆಲ್ಲ ಒಂದು ಭುಜವನ್ನು ಮೇಲಕ್ಕೆ ಹಾರಿಸಿ ಅದನ್ನು ಸರಿಮಾಡಿಕೊಳ್ಳುವರು. ಹೀಗೆ ಹಾರಿಸಿ ಹಾರಿಸಿ ಅವರ ಬಲಭುಜ ಎಡಭುಜಕ್ಕಿಂತ ಎತ್ತರವಾಗಿಬಿಟ್ಟಿತ್ತು, ಬರಿಗೈಲಿ ನಡೆಯುವಾಗಲೂ ಭುಜ ತನ್ನಷ್ಟಕ್ಕೆ ಹಾರುತ್ತಿತ್ತು.

ಖಾನೆಗಳ ಕಥೆ ಬೇರೆ. ಖಾನೆ ಹೆಚ್ಚಿದ್ದಷ್ಟೂ ಬ್ಯಾಗು ದೊಡ್ಡದು ಎಂಬುದು ಅವರ ಲೆಕ್ಕ. ಹಾನಗಲ್ಲಿನ ಒಂದು ಮದುವೆಯಲ್ಲಿ ಸರಿಯಾಗಿ ಅಕ್ಕಿಕಾಳು ಬೀಳುವ ಹೊತ್ತಿಗೆ ಅವರ ಬ್ಯಾಟರಿ ಮುಗಿಯಿತು. ಇನ್ನೊಂದು ಬ್ಯಾಟರಿ ಯಾವ ಖಾನೆಯಲ್ಲಿದೆಯೋ ಅವರಿಗೇ ಗೊತ್ತಿರಲಿಲ್ಲ. ಒಂದು ಜಿಪ್ಪು ಎಳೆದರೆ ಬಾಚಣಿಗೆ, ಇನ್ನೊಂದು ಎಳೆದರೆ ಎಲೆ ಅಡಿಕೆ. ಬ್ಯಾಟರಿ ಸಿಗುವಷ್ಟರಲ್ಲಿ ಮದುಮಗ ತಾಳಿ ಕಟ್ಟಿ ಬೆವರು ಒರೆಸಿಕೊಳ್ಳುತ್ತಿದ್ದ. ಸಾವಕಾರರು ಕಿಂಚಿತ್ತೂ ನಾಚದೆ, ಕಟ್ಟಿದ ಹಾಗೆ ಇನ್ನೊಮ್ಮೆ ಮಾಡಿ ಎಂದು ಅವನಿಗೆ ಹೇಳಿದರು. ಆ ಮನೆಯ ಆಲ್ಬಮ್ಮಿನಲ್ಲಿ ಮದುಮಗ ಕಟ್ಟಿ ಮುಗಿದ ತಾಳಿಯ ಮೇಲೆ ಕೈಯಿಟ್ಟು ಕ್ಯಾಮರಾ ಕಡೆ ತಿರುಗಿ ನಗುತ್ತಿದ್ದಾನೆ.

ಇಷ್ಟಕ್ಕೇ ಬುದ್ಧಿ ಬಂತೇ? ಮುಂದಿನ ಸಲ ಗಾಲಿಯ ಪೆಟ್ಟಿಗೆ ತಂದರು. ಗಟ್ಟಿ ಪೆಟ್ಟಿಗೆ, ಕುಂಕುಮದ ಬಣ್ಣ, ಫಳಫಳ ಹೊಳಪು. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಸೀರೆ ತುಂಬಿ ಕಳಿಸುವ ಸೂಟ್‌ಕೇಸು ಇದೇ ಆಕಾರ, ಇದೇ ಬಣ್ಣದ್ದಿರುತ್ತದೆ ಎಂದು ನಾನು ಹೇಳಿದೆ. ನಿನಗೆ ಹೊಟ್ಟೆಕಿಚ್ಚು ಅಂದರು. ಮೊದಲ ಮದುವೆಯಲ್ಲೇ ಹೆಣ್ಣಿನ ಕಡೆಯವರು ಆ ಪೆಟ್ಟಿಗೆಯನ್ನು ಸಾಮಾನಿನ ಟೆಂಪೋಕ್ಕೆ ಏರಿಸಿ ಗಂಡನ ಮನೆಗೆ ಕಳಿಸಿದರು. ಹೆಣ್ಣಿನ ನಿಜವಾದ ಪೆಟ್ಟಿಗೆ ಸಾವಕಾರರ ಪಕ್ಕದ ಕುರ್ಚಿಯ ಮೇಲೆ ಮರ್ಯಾದೆಯಿಂದ ಕುಳಿತಿತ್ತು. ಗಂಡನ ಮನೆಯಲ್ಲಿ ತವರಿನವರು ಏನು ಕೊಟ್ಟಿದ್ದಾರೆಂದು ನೋಡಲು ಓಣಿಯ ಹೆಂಗಸರೆಲ್ಲ ಸುತ್ತ ಕುಳಿತು ಪೆಟ್ಟಿಗೆ ತೆರೆಯುವುದು ವಾಡಿಕೆ. ತೆರೆದರು. ಹೂವಿನ ಬೆಡ್‌ಶೀಟು, ಟವೆಲ್ಲು, ಗಡ್ಡ ಹೆರೆಯುವ ಸಾಮಾನು ಮತ್ತು ಅರ್ಧ ತಿಂದು ರಬ್ಬರ್ ಬ್ಯಾಂಡು ಹಾಕಿದ ಸವಣೂರು ಖಾರಾದ ಪೊಟ್ಟಣ. ಆ ಹುಡುಗಿ ಮೊದಲ ದಿನವೇ ಎಷ್ಟು ಅತ್ತಳೋ. ಪೆಟ್ಟಿಗೆ ಅದಲುಬದಲು ಮಾಡಲು ಹೋದ ಸಾವಕಾರರಿಗೆ ಬೇಸರವಾದದ್ದು ಹುಡುಗಿ ಅತ್ತದ್ದಕ್ಕಲ್ಲ, ಪೆಟ್ಟಿಗೆಯ ಮೂಲೆಗೆ ಗೀರು ಬಿದ್ದದ್ದಕ್ಕೆ.

ಇನ್ನು ನನ್ನ ಚೀಲದ ಮಾತು. ಅದು ಕೂಸಿನ ಚೀಲ. ಹಾಲಿನ ಬಾಟಲಿ, ಬಟ್ಟೆ, ದುಪಟಿ ಇಟ್ಟುಕೊಂಡು ತಾಯಂದಿರು ಹೆಗಲಿಗೆ ಹಾಕಿಕೊಳ್ಳುತ್ತಾರಲ್ಲ, ಆ ಚೀಲ. ತಿಳಿ ಹಳದಿ ಬಣ್ಣ, ಮೇಲೆ ನಗುವ ಕರಡಿ ಮರಿಗಳು. ನಾನು ಬಸುರಿದ್ದಾಗ ಹಾವೇರಿಯ ಅಂಗಡಿಯಲ್ಲಿ ಕಣ್ಣಿಗೆ ಬಿತ್ತು, ತಂದುಬಿಟ್ಟೆ. ಕೂಸು ಬರುವ ಮೊದಲು ಕೂಸಿನ ಸಾಮಾನು ಮನೆಗೆ ತರಬಾರದು ಎಂಬುದು ನಮ್ಮಲ್ಲಿಯ ಪದ್ಧತಿ. ಕೂಸು ಉಸಿರಿಲ್ಲದೆ ಬಂತು. ಕೂಸು ಹುಟ್ಟುವ ಮೊದಲೇ ಕುಲಾವಿ ಎಂಬ ಗಾದೆಯನ್ನು ಜನ ನಗುತ್ತ ಆಡುತ್ತಾರೆ, ನನಗೆ ನಗದೆ ಆಡಿದರು. ಚೀಲ ಮೊದಲು ಬಂತು, ಅದಕ್ಕೇ ಕೂಸು ನಿಲ್ಲಲಿಲ್ಲ ಎಂದು ಗಂಡನ ಮನೆಯವರು ತೀರ್ಪು ಕೊಟ್ಟರು. ಒಗೆದುಬಿಡು ಅಂದರು. ನನಗೆ ದುಃಖಕ್ಕಿಂತ ಸಿಟ್ಟು ಹೆಚ್ಚಾಗಿತ್ತು. ಒಗೆಯಲಿಲ್ಲ. ಕೆಲಸ ಕಲಿತು ಕ್ಯಾಮರಾ ಕೈಗೆ ಬಂದ ದಿನ ಅದನ್ನು ಆ ಚೀಲಕ್ಕೇ ಹಾಕಿದೆ.

ಹಟಕ್ಕೆ ಹಾಕಿದ್ದು ನಿಜ. ಆದರೆ ಹಾಕಿದ ಮೇಲೆ ತಿಳಿಯಿತು, ಹುಬ್ಬಳ್ಳಿಯ ಯಾವ ಅಂಗಡಿಯಲ್ಲೂ ಇಂಥ ಕ್ಯಾಮರಾ ಬ್ಯಾಗು ಸಿಗುವುದಿಲ್ಲ. ಬಾಟಲಿಯ ಖಾನೆಯಲ್ಲಿ ಲೆನ್ಸು ನೆಟ್ಟಗೆ ನಿಲ್ಲುತ್ತದೆ. ಒಳಗಿನ ಮೆತ್ತೆ ಬಸ್ಸಿನ ಕುಲುಕಾಟ ತಡೆಯುತ್ತದೆ. ಒಂದು ಕಂಕುಳಲ್ಲಿ ಕೂಸಿದ್ದರೂ ಇನ್ನೊಂದು ಕೈಯಲ್ಲಿ ತೆರೆಯಲಿ ಎಂದೇ ಹೊಲಿದದ್ದು, ಬಾಯಿ ಅಗಲ. ಮಳೆಗೆ, ಚಹಾಕ್ಕೆ, ಅರಿಷಿಣಕ್ಕೆ ಹೆದರುವುದಿಲ್ಲ, ಒರೆಸಿದರೆ ಹೋಗುತ್ತದೆ. ಕೂಸನ್ನು ಮಲಗಿಸುವ ಸಣ್ಣ ಹಾಸನ್ನು ನೆಲಕ್ಕೆ ಹಾಕಿ ಮಂಡಿಯೂರಿ ಫೋಟೋ ತೆಗೆಯಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಹೆಂಗಸರ ಗದ್ದಲದಲ್ಲಿ ಅದನ್ನು ಯಾರೂ ಒದೆಯುವುದಿಲ್ಲ, ಅದರ ಮೇಲೆ ಯಾರೂ ಕೂರುವುದಿಲ್ಲ. ಕೂಸಿನ ಚೀಲವೆಂದು ಪಕ್ಕಕ್ಕೆ ಸರಿಸಿ ಇಡುತ್ತಾರೆ. ಆಮೇಲೆ, ಕೂಸು ಎಲ್ಲಿ ಎಂದು ಕೇಳುತ್ತಾರೆ. ಕೂಸಿಲ್ಲರಿ, ಕ್ಯಾಮರಾ ಐತಿ ಅನ್ನುವುದು ನನ್ನ ರೂಢಿಯ ಉತ್ತರವಾಗಿತ್ತು. ಸವಣೂರಿನ ಮನೆಗಳಲ್ಲಿ ಅಷ್ಟಕ್ಕೇ ನಕ್ಕು ಶರಬತ್ತು ಕೊಡುತ್ತಿದ್ದರು.

ಸಾವಕಾರರಿಗೆ ಮಾತ್ರ ಆ ಚೀಲ ಕಂಡರಾಗದು. ಬಸ್ಸಿನಲ್ಲಿ ನನ್ನಿಂದ ದೂರ ಕೂರುತ್ತಿದ್ದರು. ಇದೇನು ಬಾಣಂತಿಯ ಗಂಟು ಹೊತ್ತು ತಿರುಗುತ್ತೀ ಎಂದು ಒಂದು ದಿನ ಸ್ಟುಡಿಯೋದಲ್ಲಿ ಕೇಳಿಯೇಬಿಟ್ಟರು. ಸಿಟ್ಟಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಯಾರಾದರೂ ಆಗಿದ್ದರೆ ಛೇ ಅನ್ನುತ್ತಿದ್ದರು, ಸಮಾಧಾನದ ಎರಡು ಮಾತು ಆಡುತ್ತಿದ್ದರು. ಇವರು ತಮ್ಮ ಬ್ಯಾಗಿನ ಜಿಪ್ಪನ್ನು ಅಂಗಿಯ ಚುಂಗಿನಿಂದ ಒರೆಸುತ್ತ ಕುಳಿತರು. ಬಹಳ ಹೊತ್ತಾದ ಮೇಲೆ, "ಕರಡಿ ಮಾರಿ ಆದ್ರೂ ಒಳಗಿನ ಕಡೆ ಮಾಡ್ಕೊ," ಅಂದರು. ಅಷ್ಟೇ. ಕಲ್ಲಿಗಾದರೂ ಇದಕ್ಕಿಂತ ಹೆಚ್ಚು ಕರುಳಿರುತ್ತದೆ ಎಂದುಕೊಂಡು ಮನೆಗೆ ಬಂದೆ.

ರಟ್ಟೀಹಳ್ಳಿಯ ಮದುವೆ ಆದದ್ದು ಆಮೇಲೆ. ಮದುವೆ ನಮ್ಮವರದ್ದೇ, ನನ್ನ ಗಂಡನ ಮನೆಯ ಕಡೆಯ ದೂರದ ಸಂಬಂಧ. ಅಕ್ಕಿಕಾಳು, ಊಟ ಎಲ್ಲ ಮುಗಿದು ಹೆಣ್ಣನ್ನು ಕಳಿಸುವ ಹೊತ್ತು. ಒಳಕೋಣೆಯಲ್ಲಿ ಮುತ್ತೈದೆಯರು ಮದುಮಗಳಿಗೆ ಅಕ್ಕಿ, ಕೊಬ್ಬರಿ, ಕುಬಸದ ಕಣದಿಂದ ಉಡಿ ತುಂಬಲು ಕುಳಿತರು. ಹೆಂಗಸರ ಕೋಣೆ, ಹಾಗಾಗಿ ನಾನು ಒಳಗೆ, ಸಾವಕಾರರು ಹೊರಗೆ ಅಂಗಳದಲ್ಲಿ ಎರಡು ಕುರ್ಚಿಯ ಮೇಲೆ. ಮದುಮಗಳ ಸೋದರತ್ತೆ ನನ್ನ ಚೀಲ ನೋಡಿದರು, ಆಮೇಲೆ ನನ್ನ ಮುಖ ನೋಡಿದರು, ಗುರುತು ಹಿಡಿದರು. ಕೂಸು ಹೋದಾಕಿ ಇವಳೇ ಎಂದು ಪಕ್ಕದವರ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು.

"ಉಡಿ ತುಂಬೂ ಹೊತ್ತಿನ್ಯಾಗ ಈ ಚೀಲ ಇಲ್ಲಿ ಬ್ಯಾಡವಾ," ಅಂದರು. "ನೀನೂ ಹೊರಗ ನಿಂದರು. ಫೋಟೋ ಯಾರರ ಮೊಬೈಲ್‌ನ್ಯಾಗ ಹೊಡೀತಾರ."

ಮದುಮಗಳು ತಲೆ ತಗ್ಗಿಸಿ ಕುಳಿತಿದ್ದಳು, ಅವಳಿಗೆ ಹಾಗೆಯೇ ಕೂರಲು ಹೇಳಿದ್ದರು. ನಾನು ಚೀಲ ಎತ್ತಿಕೊಂಡೆ. ಅವಮಾನ ಒಂದು ಕಡೆ, ಭಯ ಇನ್ನೊಂದು ಕಡೆ. ಮದುವೆ ಮನೆಯ ಇಂಥ ಮಾತು ಇನ್ನೊಂದು ಮದುವೆ ಮನೆಗೆ ತಾನಾಗಿಯೇ ನಡೆದು ಹೋಗುತ್ತದೆ. ಇವಳ ಕಾಲ್ಗುಣ ಸರಿಯಿಲ್ಲ ಎಂದು ಹರಡಿತೆಂದರೆ ಈ ನಾಲ್ಕು ತಾಲೂಕಿನಲ್ಲಿ ಯಾವ ಮದುಮಗಳ ಹತ್ತಿರವೂ ನನ್ನನ್ನು ಬಿಡುವುದಿಲ್ಲ. ಕೆಲಸ ಹೋಗುತ್ತದೆ. ಮತ್ತೆ ಅದೇ ಮನೆ, ಅದೇ ಅಡುಗೆ ಒಲೆ, ಅದೇ ಗಾದೆ.

ಅಂಗಳಕ್ಕೆ ಬಂದು, ನಾನು ಬಸ್ ಸ್ಟ್ಯಾಂಡಿಗೆ ಹೋಗುತ್ತೇನೆ, ಉಳಿದದ್ದು ನೀವೇ ನೋಡಿಕೊಳ್ಳಿ ಅಂದೆ. ಯಾಕೆಂದು ಕೇಳಿದರು, ಹೇಳಿದೆ. ಸಾವಕಾರರ ಮುಖ ಕೆಂಪಾಯಿತು.

"ಬ್ಯಾಗ್ ಹೊರಗಿಡು ಅಂದ್ರ?"

ನನ್ನನ್ನು ಹೊರಗಿಟ್ಟದ್ದು ಅವರ ತಲೆಗೆ ಹೋಗಲೇ ಇಲ್ಲ, ಹೋದದ್ದು ಬ್ಯಾಗು. ಎದ್ದರು. ಕುರ್ಚಿಯ ಮೇಲೆ ಕುಳಿತಿದ್ದ ತಮ್ಮ ದೊಡ್ಡ ಬ್ಯಾಗಿನಿಂದ ಕ್ಯಾಮರಾ, ಲೆನ್ಸು, ಫ್ಲ್ಯಾಶು ತೆಗೆದು ನನ್ನ ಕರಡಿ ಚೀಲಕ್ಕೆ ಒಂದೊಂದಾಗಿ ಹಾಕಿದರು. ಚೀಲವನ್ನು ನನ್ನ ಕೈಯಿಂದ ಇಸಗೊಂಡು ತಮ್ಮ ಹೆಗಲಿಗೆ ಏರಿಸಿದರು. ಬೆಡ್‌ಶೀಟು ಒಂದೇ ಉಳಿದ ದೊಡ್ಡ ಬ್ಯಾಗನ್ನು ಅಲ್ಲೇ ಬಿಟ್ಟು ಒಳಕೋಣೆಯ ಹೊಸ್ತಿಲಿಗೆ ಹೋಗಿ ನಿಂತರು. ಹೆಂಗಸರು ಸೆರಗು ಸರಿಮಾಡಿಕೊಂಡರು.

"ಇದು ನಮ್ಮ ಸ್ಟುಡಿಯೋದ ಬ್ಯಾಗ್‌ರೀ," ಅಂದರು ಸಾವಕಾರರು. "ನಿಮ್ಮ ಮದುವಿದು ಮುಂಜಾನಿಂದ ಹೊಡದದ್ದೆಲ್ಲಾ ಇದರಾಗ ಐತಿ. ಇದನ್ನ ಅಪಶಕುನ ಅಂದ್ರ ಇದರಾಗಿದ್ದ ಫೋಟೋನೂ ಅಪಶಕುನನ. ತಗೊಂಡು ಹೋಗ್ಲೇನು?"

ಅಪಶಕುನ ದೊಡ್ಡದೋ ಆಲ್ಬಮ್ಮು ದೊಡ್ಡದೋ ಎಂದು ಮದುಮಗಳ ತಾಯಿ ಒಂದು ಗಳಿಗೆ ತೂಗಿ ನೋಡಿದರು. ಆಲ್ಬಮ್ಮೇ ದೊಡ್ಡದಾಯಿತು. ಕಾಲ ಕೆಟ್ಟಿತು ಅನ್ನುವವರಿಗೆ ನಾನು ಈ ಮಾತು ಹೇಳುವುದುಂಟು. ಬಾರವಾ, ಲಗೂ ಬಾ, ಹೊತ್ತಾಗುತ್ತದೆ ಎಂದು ಆ ತಾಯಿಯೇ ನನ್ನನ್ನು ಒಳಗೆ ಕರೆದರು. ಸೋದರತ್ತೆ ಗೋಡೆಯ ಕಡೆ ತಿರುಗಿ ಕುಳಿತರು. ನಾನು ಸಾವಕಾರರ ಹೆಗಲ ಚೀಲದಿಂದ ನನ್ನ ಕ್ಯಾಮರಾ ತೆಗೆದುಕೊಂಡು ಒಳಗೆ ಹೋಗಿ ಉಡಿ ತುಂಬುವ ಫೋಟೋ ಎಲ್ಲ ತೆಗೆದೆ, ಅತ್ತೆಯ ಬೆನ್ನನ್ನೂ ಬಿಡಲಿಲ್ಲ.

ಅದು ಮುಗಿಯುವ ತನಕ ಸಾವಕಾರರು ಹೊಸ್ತಿಲು ಬಿಟ್ಟು ಕದಲಲಿಲ್ಲ. ಒಳಗೆ ನೋಡಬಾರದೆಂದು ಕತ್ತನ್ನು ಒಂದು ಕಡೆ ತಿರುಗಿಸಿ, ಹುಬ್ಬು ಗಂಟಿಕ್ಕಿ, ಕಾವಲುಗಾರರ ಹಾಗೆ ನಿಂತಿದ್ದರು. ಹೆಗಲಲ್ಲಿ ಹಳದಿ ಚೀಲ, ಕರಡಿ ಮರಿಗಳ ಮುಖ ಹೊರಗೆ. ಚೀಲ ಜಾರುತ್ತಿರಲಿಲ್ಲ, ಆದರೂ ಭುಜ ರೂಢಿಯಂತೆ ಹಾರುತ್ತಿತ್ತು. ಇದನ್ನು ಬಿಟ್ಟರೆ ಇನ್ನೊಮ್ಮೆ ಸಿಗದು ಎಂದು ಅವರದೂ ಒಂದು ಫೋಟೋ ಹೊಡೆದೆ. ಪ್ರೀತಿಯಿಂದಲ್ಲ. ಶಿಗ್ಗಾವಿಯ ಫೋಟೋದವರೆಲ್ಲ ಸೇರುವ ಚಹಾದಂಗಡಿಯಲ್ಲಿ ತೋರಿಸಿ ಅವರ ಮಾನ ಕಳೆಯಬೇಕೆಂಬ ಆಸೆಯಿಂದ.

ತೋರಿಸಲಿಲ್ಲ. ಯಾಕೋ ಕೈ ಬರಲಿಲ್ಲ. ಆ ದಿನ ಬಸ್ಸಿನಲ್ಲಿ ಅವರು, ಇನ್ನಾದರೂ ಒಂದು ಮರ್ಯಾದೆಯ ಬ್ಯಾಗು ತಗೋ, ಆ ಕರಡಿ ಹೊತ್ತು ನನಗೆ ಹೆಗಲೇ ಸಣ್ಣದಾದ ಹಾಗಾಯಿತು ಎಂದು ಗೊಣಗಿದರು, ಮತ್ತೆ ದೂರದ ಸೀಟಿಗೆ ಹೋಗಿ ಕುಳಿತರು. ಆ ಮಾತನ್ನು ಮುಂದೆಂದೂ ಎತ್ತಲಿಲ್ಲ. ಅವರು ಹೊಸ್ತಿಲಿಗೆ ಹೋದದ್ದು ನನಗಾಗಿಯೋ, ಸ್ಟುಡಿಯೋದ ಬ್ಯಾಗೊಂದಕ್ಕೆ ಹೆಸರಿಟ್ಟರೆಂಬ ಸಿಟ್ಟಿಗೋ, ನನಗೆ ಇಂದಿಗೂ ತಿಳಿಯದು. ಕೇಳಿದ್ದರೂ ಜಿಪ್ಪು ಒರೆಸುತ್ತ ಕೂರುತ್ತಿದ್ದರು. ಆದರೆ ಅಂದಿನಿಂದ ಉಡಿ ತುಂಬುವ ಮನೆ ಯಾವುದೇ ಇರಲಿ, ಒಳಗೆ ನಮ್ಮ ತಂಗಿ ಬರುತ್ತಾಳೆ ಎಂದು ಮೊದಲೇ ಹೇಳಿಬಿಡುತ್ತಿದ್ದರು. ನನ್ನ ಕೆಲಸ ಉಳಿಯಿತು.

ಅವರು ತೀರಿಕೊಂಡ ಮೇಲೆ ಮಗ ನಮ್ಮ ಮನೆಗೆ ಬಂದ. ಶ್ರದ್ಧಾಂಜಲಿಯ ಫ್ಲೆಕ್ಸಿಗೆ ಫೋಟೋ ಬೇಕಿತ್ತು. ಊರ ಮಂದಿಯ ಮದುವೆ ಫೋಟೋ ತೆಗೆದವರದ್ದು ಮನೆಯಲ್ಲಿ ಆಧಾರ್ ಕಾರ್ಡಿನದ್ದು ಬಿಟ್ಟರೆ ಬೇರೆ ಇಲ್ಲ, ಅದರಲ್ಲಿ ಪೊಲೀಸರು ಹಿಡಿದು ತಂದವರ ಹಾಗೆ ಕಾಣುತ್ತಾರೆ. ನಾನು ರಟ್ಟೀಹಳ್ಳಿಯ ಫೋಟೋ ತೆಗೆದು ಕೊಟ್ಟೆ. ಅವನು ಬಹಳ ಹೊತ್ತು ನೋಡಿದ. ಮುಖ ಚೊಲೋ ಬಂದಿದೆ ಅಂದ, ಆದರೆ ಈ ಕೂಸಿನ ಚೀಲ ಅಪ್ಪನ ಘನತೆಗೆ ಒಪ್ಪುವುದಿಲ್ಲ, ಫ್ಲೆಕ್ಸಿನವರಿಗೆ ಹೇಳಿ ಇದನ್ನು ಅಳಿಸಿ ಅಪ್ಪನದೇ ಒಂದು ದೊಡ್ಡ ಬ್ಯಾಗನ್ನು ಹೆಗಲಿಗೆ ಕೂಡಿಸೋಣ ಅಂದ. ಸಾವಕಾರರು ಬದುಕಿದ್ದರೆ ಅವರೂ ಅದನ್ನೇ ಹೇಳುತ್ತಿದ್ದರು, ನನಗೆ ಗೊತ್ತು.

"ಚೀಲ ತೆಗದ್ರ ಫೋಟೋ ಕೊಡೂದಿಲ್ಲಪ್ಪಾ," ಅಂದೆ. "ನಿಮ್ಮಪ್ಪ ಹೊತ್ತ ಬ್ಯಾಗಿನ್ಯಾಗ ಬೆಡ್‌ಶೀಟ್ ಇಲ್ದಿದ್ದು ಅದೊಂದ."

ಫ್ಲೆಕ್ಸು ಬಸ್ ಸ್ಟ್ಯಾಂಡಿನ ಎದುರು ಏರಿತು. ಮೊನ್ನೆ ಹಿರೇಕೆರೂರಿನ ಮದುವೆಗೆ ಹೊರಟವಳು ಅದರ ಕೆಳಗೇ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಗೊತ್ತಿದ್ದವರು ನೋಡಿ ನಗುತ್ತ ಹೋಗುತ್ತಿದ್ದರು, ನಾನೂ ನಕ್ಕೆ. ಪಕ್ಕದಲ್ಲಿ ಹುಲಗೂರಿನ ದರ್ಗಾಕ್ಕೆ ಹೊರಟ ಒಬ್ಬ ಮುದುಕಿ ತಲೆಯೆತ್ತಿ ನೋಡಿದಳು.

"ಪಾಪ, ಮೊಮ್ಮಗುಂದು ಚೀಲ ಹೊತ್ತಾನ," ಅಂದಳು. "ಕೂಸನ್ನ ಭಾಳ ಹಚ್ಕೊಂಡಿದ್ದನೇನವಾ?"

ಕೂಸಿಲ್ಲರಿ ಎಂಬ ನನ್ನ ರೂಢಿಯ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಫ್ಲೆಕ್ಸಿನಲ್ಲಿ ಸಾವಕಾರರು ಹುಬ್ಬು ಗಂಟಿಕ್ಕಿಕೊಂಡು ಬೇರೆ ಕಡೆ ನೋಡುತ್ತಿದ್ದರು.

"ಹೌದಬೇ," ಅಂದೆ. "ಭಾಳ ಹಚ್ಕೊಂಡಿದ್ರು."

ಬಸ್ಸು ಬಂತು. ಚೀಲವನ್ನು ಹೆಗಲಿಗೆ ಹಾಕಿಕೊಂಡು ಹತ್ತಿದೆ, ಕರಡಿಯ ಮುಖ ಹೊರಗೇ ಇತ್ತು.